ಹಿಂದಿನ ಸೀಟಿನ ಕಾಕಾ

ನಮ್ಮ ಕಾಕಾನಷ್ಟು ಮೋಟಾರ್ ಸೈಕಲ್ಲುಗಳನ್ನು ಹತ್ತಿದ ಮನುಷ್ಯ ಇಡೀ ಜತ್ತ ತಾಲೂಕಿನಲ್ಲಿ ಮತ್ತೊಬ್ಬನಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ. ಹತ್ತಿದ್ದರಲ್ಲಿ ಒಂದನ್ನೂ ನಡೆಸದೆ ಇಳಿದು ಬಂದ ಮನುಷ್ಯನೂ ಬಹುಕಾಲ ಅವರೊಬ್ಬರೇ! ನಡೆಸುವ ಮಾತು ಹಾಗಿರಲಿ, ಅವರು ಮುಂದಿನ ಸೀಟನ್ನು ಮುಟ್ಟುತ್ತಲೂ ಇರಲಿಲ್ಲ. ಯಾರದೇ ಗಾಡಿ ಕಂಡರೂ ಸರಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಲು ಹೇಳಿ, ಹಿಂದಿನ ಸೀಟಿಗೆ ಹೋಗಿ, ಎರಡೂ ಕಾಲನ್ನು ಒಂದೇ ಮಗ್ಗುಲಿಗೆ ಇಳಿಬಿಟ್ಟು, ಧೋತರದ ಚುಂಗನ್ನು ಮಡಿಲಲ್ಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೂಡುತ್ತಿದ್ದರು. ಅಗಲ ಹೆಗಲಿನ ಆಳು, ತಿರುವಿದ ಮೀಸೆ, ತಲೆಯ ಮೇಲೆ ರುಮಾಲು. ಕೂಡುವ ಭಂಗಿ ಮಾತ್ರ ಹೊಸ ಮದುವಣಗಿತ್ತಿಯದು! ದಾರಿಯಲ್ಲಿ ಹೋಗುವವರು ನಿಂತು ನೋಡದೆ ಇನ್ನೇನು ಮಾಡಿಯಾರು?

ಇದೆಲ್ಲ ಜತ್ತ ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾದ ಹೊಸತರ ಮಾತು. ನಾನು ಜತ್ತದ ಸಾಲೆಯಲ್ಲಿ ಮಾಸ್ತರನಾಗಿ ಸೇರಿಕೊಂಡು ಕಾಕಾನ ಮನೆಯಲ್ಲೇ ಇದ್ದೆ. ಕಾಕಾನದು ಜವಳಿ ವ್ಯಾಪಾರ. ಇವತ್ತು ಮುಚ್ಚಂಡಿ ಸಂತೆ, ನಾಳೆ ಯಳವಿ ಎಂದು ಸೀರೆ, ಖಣ, ಪಂಜೆಗಳ ಗಂಟು ಕಟ್ಟಿಕೊಂಡು ತಿರುಗುತ್ತಿದ್ದರು. ಆದರೆ ಹೆಸರು ಬಂದದ್ದು ಜವಳಿಯಿಂದಲ್ಲ, ಎತ್ತಿನಿಂದ. ಸುತ್ತ ಹತ್ತು ಹಳ್ಳಿಯವರು ಎತ್ತು ಕೊಳ್ಳುವ ಮುಂಚೆ ಕಾಕಾನನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಹಲ್ಲು, ಸುಳಿ, ಗೊರಸು, ಬಾಲ ಎಲ್ಲ ನೋಡಿ, ಹಿಂದೆ ನಿಂತು ನಡಿಗೆ ನೋಡಿ ಅವರು "ಹೂಂ" ಎಂದರೆ ಎತ್ತು ಮಾರಾಟವಾಯಿತು, ಮೂಗು ಮುರಿದರೆ ಆ ಎತ್ತು ಬಂದ ದಾರಿಯಲ್ಲೇ ವಾಪಸು ಹೋಯಿತು.

ಇಂಥ ಕಾಕಾ ತಮ್ಮ ಮನೆಗೆಂದೇ ಆರಿಸಿ ತಂದಿದ್ದ ಎತ್ತು, ಒಂದು ದಿನ ಹಳ್ಳದ ದಂಡೆಯಲ್ಲಿ ಬಸ್ಸಿನ ಹಾರ್ನಿಗೆ ಬೆದರಿ ಚಕ್ಕಡಿಯನ್ನು ಮಗುಚಿ ಹಾಕಿತು. ಒಳಗಿದ್ದವಳು ಚಿಗವ್ವ, ಕಾಕಾನ ಹೆಂಡತಿ. ಜೀವ ಉಳಿಯಿತು, ಸೊಂಟ ಮಾತ್ರ ಹೋಯಿತು. ಮನೆಗೆಲಸ ಹೇಗೋ ಮಾಡುತ್ತಿದ್ದಳು, ಆದರೆ ಚಕ್ಕಡಿ ಹತ್ತಿ ಓಣಿ ದಾಟುವುದರೊಳಗೆ ಹಲ್ಲು ಕಚ್ಚಿ ಅಳುತ್ತಿದ್ದಳು. ಅವಳ ತವರು ಕುಣಿಕೋಣೂರ. ಚಕ್ಕಡಿಯಲ್ಲಿ ಅರ್ಧ ದಿನದ ದಾರಿ, ಬಸ್ಸಿಲ್ಲ. ತಾಯಿ ಇಲ್ಲದ ಚಿಗವ್ವನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ಅಕ್ಕ ಅಲ್ಲೇ ಇದ್ದಳು, ವಯಸ್ಸಾಗಿ ಅವಳೂ ಊರು ಬಿಟ್ಟು ಬರುವಂತಿರಲಿಲ್ಲ. ಚಕ್ಕಡಿ ಮಗುಚಿದ ಮೇಲೆ ಅಕ್ಕ ತಂಗಿ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಸಂತೆಗೆ ಬರುವವರ ಕೈಯಲ್ಲಿ ಅಲ್ಲಿಂದ ಶೇಂಗಾ ಚಟ್ನಿ ಬರುತ್ತಿತ್ತು, ಇಲ್ಲಿಂದ ಹಪ್ಪಳ ಹೋಗುತ್ತಿತ್ತು.

ಕಾಕಾ ಆ ಎತ್ತನ್ನು ಮಾರಿದರು. ಮಾರಿದ ಸಂಜೆಯೇ ಚಿಗವ್ವನ ಮುಂದೆ ಬಂದು ನಿಂತರು.

"ನಿನ್ನ ಕುಣಿಕೋಣೂರಿಗೆ ನಾನ ಕರಕೊಂಡು ಹೋಗ್ತೀನಿ. ಫಟಫಟಿ ತರ್ತೀನಿ!"

ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಫಟಫಟಿ ಎನ್ನುತ್ತಾರೆ. ಅದರ ಸದ್ದು ಕೇಳಿದ ಯಾರಿಗೂ ಬೇರೆ ಹೆಸರು ಹೊಳೆಯಲಾರದು.

"ನಾ ಒಲ್ಲೆ," ಎಂದಳು ಚಿಗವ್ವ. "ಗಂಡನ ಬೆನ್ನಿಗೆ ಅಂಟಿ ಕುಂತು ಊರಾಗ ಹಾದು ಹೋಗಲೇನು? ಮಂದಿ ಹಲ್ಲು ಕಿಸೀತಾರ."

"ಮಂದಿ ನಡ ನೋಯಂಗಿಲ್ಲ. ನಿನ್ನ ನಡ ನೋಯ್ತೈತಿ. ಸುಮ್ನ ಕುಂದ್ರ."

ಹೀಗೆ ಶುರುವಾಯಿತು ನೋಡಿ ನಮ್ಮ ಕಾಕಾನ ಗಾಡಿ ಹುಡುಕಾಟ! ಮಗಳಿಗೆ ಗಂಡು ಹುಡುಕುವವರೂ ಇಷ್ಟು ಊರು ತಿರುಗಿರಲಾರರು. ಒಮ್ಮೆ ಆರಿಸಿ ಕೆಟ್ಟವರಲ್ಲವೆ? ಈ ಸಲ ತಪ್ಪಬಾರದೆಂದು ಪಣ ತೊಟ್ಟಿದ್ದರು. ಜೊತೆಗೆ ಅವರ ಗೆಳೆಯ ಇಮಾಮಸಾಬ. ಈತ ನಾಲಬಂದ, ಎತ್ತು ಕುದುರೆಗಳಿಗೆ ನಾಲು ಹೊಡೆಯುವವನು. ಎತ್ತು ನೋಡಲು ಹೋಗುವಾಗ ಕಾಲು ನೋಡುವ ಕೆಲಸ ಇಮಾಮಸಾಬನದು. ಫಟಫಟಿ ನೋಡಲು ನಾಲಬಂದ ಯಾಕೆ ಎಂದು ನಾನು ಕೇಳಿದ್ದಕ್ಕೆ ಕಾಕಾ ನನ್ನನ್ನು ಕನಿಕರದಿಂದ ನೋಡಿದರು.

"ಅದಕ್ಕ ಕಾಲಿಲ್ಲೇನೋ ಮಾಸ್ತರ?"

ಮೊದಲು ನೋಡಿದ್ದು ಒಬ್ಬ ಗುತ್ತಿಗೆದಾರನ ಗಾಡಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ್ದು, ಭಾರಿ ಆಳು. ಕಾಕಾ ಅದರ ಸುತ್ತ ಬಂದರು. ಪೆಟ್ರೋಲ್ ಟಾಂಕಿಯ ಮೇಲೆ ಕೈಯಾಡಿಸಿದರು. ಹಿಂದಿನ ಭಾಗವನ್ನು ಎರಡು ಸಲ ಚಪ್ಪರಿಸಿದರು. ಇಮಾಮಸಾಬ ಮೊಣಕಾಲೂರಿ ಟೈರನ್ನು ಉಗುರಿನಿಂದ ಕೆರೆದು ನೋಡಿ, "ಮುಂಗಾಲು ಚಲೋ ಐತ್ರಿ ಸಾವ್ಕಾರ್ರ. ಹಿಂಗಾಲು ಸವದೈತಿ," ಎಂದ.

"ಒದೀತೈತೇನ್ರಿ?" ಎಂದು ಕಾಕಾ ಮಾಲೀಕನನ್ನು ಕೇಳಿದರು.

ನನಗೆ ನಗು ತಡೆಯಲಾಗಲಿಲ್ಲ. ಆದರೆ ಗುತ್ತಿಗೆದಾರ ನಗಲಿಲ್ಲ. "ಹೌದ್ರಿ, ಭಾಳ ಒದೀತೈತಿ. ಕಿಕ್ ಹೊಡ್ಯಾಕ ಹೋಗಿ ನಮ್ಮ ಮುಕಾದಮ ಇನ್ನೂ ಕುಂಟ್ಲಾಕತ್ತಾನ," ಎಂದು ಬಿಟ್ಟ! ಕಾಕಾ ನನ್ನ ಕಡೆಗೊಮ್ಮೆ ತಿರುಗಿ ನೋಡಿದರು. ಆ ನೋಟದ ನಂತರ ಗಾಡಿ ನೋಡುವ ವಿಷಯದಲ್ಲಿ ನಾನು ಬಾಯಿ ತೆರೆಯಲಿಲ್ಲ. ಗಾಡಿಯನ್ನಂತೂ ಅವರು ಬೇಡವೆಂದರು. ಇಷ್ಟು ಭಾರದ್ದು ಹಳ್ಳದಲ್ಲಿ ಅಡ್ಡ ಬಿದ್ದರೆ ಎಬ್ಬಿಸುವವರು ಯಾರು? ಎತ್ತಾದರೆ ತಾನಾಗಿಯೇ ಏಳುತ್ತದೆ.

ಎರಡನೆಯದು ದವಾಖಾನೆಯ ಕಂಪೌಂಡರನದು. ಸೈಕಲ್ಲಿಗಿಂತ ತುಸು ದಪ್ಪ, ಹಗುರಾದ ಗಾಡಿ. ಕಾಕಾ ಹಿಂದೆ ಕೂತರು, ಕಂಪೌಂಡರ ಮುಂದೆ ಕೂತ. ಸಪಾಟು ದಾರಿಯಲ್ಲಿ ಸೊಗಸಾಗಿ ಹೋಯಿತು. ಏರು ಬಂದಾಗ ಕೆಮ್ಮಿತು. ಅರ್ಧ ಏರಿಗೆ ಕಾಕಾ ಇಳಿದರು, ಮುಕ್ಕಾಲು ಏರಿಗೆ ಕಂಪೌಂಡರನೂ ಇಳಿದ, ಕೊನೆಗೆ ಇಬ್ಬರೂ ಕೂಡಿ ಅದನ್ನು ನೂಕಿಕೊಂಡು ದಿಬ್ಬದ ಮೇಲೆ ಕಾಣಿಸಿಕೊಂಡರು.

"ಚಲೋ ಐತ್ರಿ," ಎಂದರು ಕಾಕಾ ಬೆವರು ಒರೆಸಿಕೊಳ್ಳುತ್ತ. "ಆದ್ರ ನಾವು ಇದನ್ನ ಸಾಕಬೇಕು, ಇದು ನಮ್ಮನ್ನ ಸಾಕಂಗಿಲ್ಲ."

ಈ ಎರಡು ಗಾಡಿಗಳಿಂದ ಕಾಕಾನಿಗೆ ಜ್ಞಾನೋದಯವಾಯಿತು. "ಎರಿ ಹೊಲಾ ಉಳಾಕ ಬ್ಯಾರೆ ಎತ್ತು, ಶರತ್ತಿಗೆ ಓಡಸಾಕ ಬ್ಯಾರೆ ಎತ್ತು," ಎಂದು ಊಟಕ್ಕೆ ಕೂತಾಗ ನಮಗೆ ಪಾಠ ಹೇಳಿದರು. "ದಿನಾ ಹೋಗಿ ಬರೂ ಮನಷ್ಯಾಗ ಎರಡೂ ಬ್ಯಾಡ. ನಡುಮಟ್ಟದ್ದು ಬೇಕು. ಮೂರೂವರೆ ನೂರು ಸಿಸಿ ಇಂಜನ್ನು, ಹಿಂದಿನ ಗಾಲಿಗೂ ಸ್ಪ್ರಿಂಗು."

"ಮತ್ತ ರೊಟ್ಟಿ ಬೇಕೇನ್ರಿ?" ಎಂದಳು ಚಿಗವ್ವ. ಅವಳು ಫಟಫಟಿಯ ಮಾತಿಗೆಲ್ಲ ರೊಟ್ಟಿಯಿಂದಲೇ ಉತ್ತರ ಕೊಡುತ್ತಿದ್ದಳು.

ಸೀಟಿನ ಎತ್ತರ ಎಷ್ಟಿರಬೇಕು? ಇದನ್ನು ಪತ್ತೆ ಹಚ್ಚಲು ನಡುಮನೆಗೆ ಜೋಳದ ಚೀಲಗಳು ಬಂದವು. ಕಾಕಾ ಒಂದು ಚೀಲದಿಂದ ಜೋಳ ತೆಗೆಯುವರು, ಇನ್ನೊಂದಕ್ಕೆ ತುಂಬುವರು, ಚಿಗವ್ವನನ್ನು ಕೂಡಿಸುವರು. "ಇಲ್ಲಿ ನೋಯ್ತೈತೇನ? ಈಗ ನೋಯ್ತೈತೇನ?" ಅವಳು ಕುಂತು ಕುಂತು ಎದ್ದು ಎದ್ದು, "ಚೀಲದ ಮ್ಯಾಲೆ ಕುಂತ ನೋವಿಗೆ ಒಂದ ಗಾಡಿ ತರ್ರಿ ಮೊದಲ!" ಎಂದು ಒಳಗೆ ಹೋದಳು. ಆದರೂ ಮಾರನೆಯ ದಿನ ಕರೆದರೆ ಬಂದು ಕೂಡುತ್ತಿದ್ದಳು. ಯಾಕೆ ಬರುತ್ತಿದ್ದಳೆಂದು ನಮಗೆ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಇನ್ನು ಚರಗಿ ಪರೀಕ್ಷೆಯ ಕಥೆ ಹೇಳದಿದ್ದರೆ ಕಾಕಾನಿಗೆ ಅನ್ಯಾಯ ಮಾಡಿದಂತೆ. ಗಾಡಿ ಎಷ್ಟು ಕುಲುಕುತ್ತದೆಂದು ತಿಳಿಯಲು ಅವರು ಕಂಡುಕೊಂಡ ಉಪಾಯ ಇದು. ತಾಮ್ರದ ಚರಗಿಯಲ್ಲಿ ಕಂಠಮಟ್ಟ ನೀರು ತುಂಬಿ, ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂಡುವುದು. ಗಾಡಿಯವನು ಊರಿಗೊಂದು ಸುತ್ತು ಹಾಕುವುದು. ಉಳಿದ ನೀರು ನೋಡಿ ಗಾಡಿಯ ಗುಣ ಅಳೆಯುವುದು. ಉಪಾಯವೇನೋ ಶಾಸ್ತ್ರೋಕ್ತವಾಗಿದೆ! ಆದರೆ ಬೆಳಗಿನ ಹೊತ್ತು ನಮ್ಮ ಕಡೆ ಜನ ಚರಗಿ ಹಿಡಿದು ಊರ ಹೊರಗೆ ಹೋಗುವುದು ಏತಕ್ಕೆ ಎಂದು ನಿಮಗೆ ಬೇರೆ ಹೇಳಬೇಕೆ? ಪೇಟೆಯ ನಡುವೆ, ಫಟಫಟಿಯ ಮೇಲೆ, ಚರಗಿ ಹಿಡಿದು, ಮುಖ ಗಂಟಿಕ್ಕಿಕೊಂಡು ಕಾಕಾ ಹೊರಟರು. ಕಿರಾಣಿ ಅಂಗಡಿಯವನು ಎದ್ದು ನಿಂತು ಕೂಗಿದ:

"ಏನ್ರಿ ಸಾವ್ಕಾರ್ರ, ಅಷ್ಟ ಅರ್ಜಂಟ ಆಗೇತೇನ್ರಿ?"

ಇಡೀ ಪೇಟೆ ಬಿದ್ದು ಬಿದ್ದು ನಕ್ಕಿತು. ಕಾಕಾ ಮಾತ್ರ ಚರಗಿಯಿಂದ ಕಣ್ಣು ತೆಗೆಯಲಿಲ್ಲ. ಮನೆಗೆ ಬಂದವರೇ, "ಅರ್ಧ ಚೆಲ್ತು. ಈ ಗಾಡಿ ಬ್ಯಾಡ," ಎಂದರು. ಊರು ನಕ್ಕದ್ದು ಅವರಿಗೆ ಕೇಳಿಸಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಕೊನೆಗೆ ಮಿರಜದಲ್ಲಿ ಒಂದು ಗ್ಯಾರೇಜಿನವನ ಬಳಿ ಬೇಕಾದಂಥದೇ ಸಿಕ್ಕಿತು. ಹಿಂದೆ ಸ್ಪ್ರಿಂಗು, ಅಗಲ ಸೀಟು, ಸದ್ದು ಗಂಭೀರ. ಚರಗಿಯಿಂದ ಎರಡು ಹನಿ ಮಾತ್ರ ಚೆಲ್ಲಿತ್ತು. ಇನ್ನೇನು ಮುಗಿಯಿತು ಎಂದುಕೊಂಡೆ. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಕೈಮೇಲೆ ಹಾಕಿ, ಗ್ಯಾರೇಜಿನವನ ಕೈಯನ್ನು ಅದರ ಕೆಳಗೆ ಎಳೆದುಕೊಂಡರು! ದನದ ಪೇಟೆಯಲ್ಲಿ ವ್ಯವಹಾರ ಹಾಗೆಯೇ. ನಾಲ್ಕು ಮಂದಿಗೆ ಕೇಳುವಂತೆ ದರ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಪಾಪ, ಪೇಟೆಯ ಮನುಷ್ಯನಿಗೆ ಇದೆಲ್ಲಿ ಗೊತ್ತು? ಮೀಸೆಯ ಅಪರಿಚಿತನೊಬ್ಬ ಟವೆಲ್ಲಿನ ಕೆಳಗೆ ತನ್ನ ಬೆರಳುಗಳನ್ನು ಒಂದೊಂದಾಗಿ ಹಿಚುಕುತ್ತಿದ್ದರೆ ಅವನು ಏನು ತಿಳಿಯಬೇಕು? ಬೆವೆತು ಹೋದ. ಕೈ ಬಿಡಿಸಿಕೊಂಡು ಮೇಜಿನ ಆಚೆಗೆ ಹೋಗಿ ನಿಂತ. ನಾನು ಮರಾಠಿಯಲ್ಲಿ ಎಲ್ಲ ತಿಳಿಸಿ ಹೇಳಿದ ಮೇಲೆ ಸಮಾಧಾನಗೊಂಡು ಬಾಯಿಂದಲೇ ದರ ಹೇಳಿದ. ಕಾಕಾ ಒಪ್ಪಿದರು, ಆದರೆ ಇನ್ನೊಂದು ಶರತ್ತು ತೆಗೆದರು. ಯಾವ ಎತ್ತನ್ನೂ ಅವರು ಒಂದು ದಿನ ಮನೆಗೊಯ್ದು ಹೂಡಿ ನೋಡದೆ ಕೊಂಡವರಲ್ಲ. ಗಾಡಿಯನ್ನೂ ಹಾಗೆಯೇ ಕೊಡಬೇಕು!

"ಮನೆಗೆ ಒಯ್ದು ವಾಪಸು ತರುವುದಕ್ಕೆ ಇದೇನು ಎತ್ತೇ?" ಎಂದ ಗ್ಯಾರೇಜಿನವ ಮರಾಠಿಯಲ್ಲಿ.

ಅಷ್ಟಕ್ಕೇ ಕಾಕಾನಿಗೆ ಮುನಿಸು. ಎದ್ದು ಬಂದರು. ಬಸ್ಸಿನಲ್ಲಿ ಇಮಾಮಸಾಬ ಮೆಲ್ಲಗೆ, "ಚಲೋ ಜನವಾರ ಇತ್ರಿ ಸಾವ್ಕಾರ್ರ," ಎಂದ. ಕಾಕಾ ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತರು.

ಅದಾದ ಕೆಲವು ದಿನಗಳಿಗೆ ಕುಣಿಕೋಣೂರದಿಂದ ಸಂತೆಗೆ ಬಂದವರು ಸುದ್ದಿ ತಂದರು. ಚಿಗವ್ವನ ಅಕ್ಕನಿಗೆ ಲಕ್ವಾ ಹೊಡೆದು ಬಲಗಡೆ ಬಿದ್ದು ಹೋಗಿದೆ, ಮಾತು ನಿಂತಿದೆ. ಚಿಗವ್ವ ಕೇಳಿದವಳೇ ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದಳು. ನಡೆದೇ ಹೋಗುತ್ತೇನೆಂದಳು. ಊರ ಅಗಸಿ ಬಾಗಿಲು ದಾಟುವುದರೊಳಗೆ ನಡ ಹಿಡಿದು ಕಲ್ಲಿನ ಮೇಲೆ ಕೂತುಬಿಟ್ಟಳು. ಕಾಕಾ ಅವಳನ್ನು ಎಬ್ಬಿಸಿ ಮನೆಗೆ ತಂದು ಮಲಗಿಸಿದರು. ಆಮೇಲೆ ಇಮಾಮಸಾಬನನ್ನು ಕರೆದುಕೊಂಡು ಸಿಕ್ಕ ಬಸ್ಸು ಹತ್ತಿದರು.

ಈ ಸಲ ಸುಳಿ ನೋಡಲಿಲ್ಲ, ಟವೆಲ್ ಹಾಸಲಿಲ್ಲ, ಗ್ಯಾರೇಜಿನವ ಹೇಳಿದ ದರಕ್ಕೆ ಅದೇ ಗಾಡಿ ಕೊಂಡರು. ಮಿರಜದ ಮೈದಾನದಲ್ಲಿ ಒಂದಿಡೀ ದಿನ ಬಿದ್ದು ಎದ್ದು ನಡೆಸುವುದನ್ನು ಕಲಿತು, ಮರುದಿನ ಇಮಾಮಸಾಬನನ್ನು ಹಿಂದೆ ಕೂಡಿಸಿಕೊಂಡು ಜತ್ತಕ್ಕೆ ಬಂದರು. ಮೊಣಕೈ ತರಚಿತ್ತು, ಧೋತರ ಹರಿದಿತ್ತು. ಮನೆಯ ಮುಂದೆ ಬ್ರೇಕನ್ನೂ ಒತ್ತಿದರು, ಬಾಯಲ್ಲಿ "ಹೋ... ಹೋ..." ಎಂದೂ ಅಂದರು. ಎರಡರಲ್ಲಿ ಯಾವುದಕ್ಕೆ ಗಾಡಿ ನಿಂತಿತೋ! ಇಮಾಮಸಾಬ ಇಳಿದು ಎರಡು ಕೈಯೆತ್ತಿ ಮೊದಲು ಅಲ್ಲಾನನ್ನು ನೆನೆದ, ಆಮೇಲೆ ನೀರು ಕೇಳಿದ.

ಬೆಳಗಾಗುತ್ತಲೇ ಚಿಗವ್ವ ಸೆರಗು ಬಿಗಿದು ಬಂದು ಹಿಂದೆ ಕೂತಳು. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಯಾರೂ ಹಲ್ಲು ಕಿಸಿಯಲಿಲ್ಲ. ನಾನು ಸೈಕಲ್ಲಿನ ಮೇಲೆ ಜೊತೆಗೆ ಹೊರಟೆ. ಜೊತೆಗೆ ಎಲ್ಲಿ ಬಂತು, ಎಷ್ಟೋ ಕಡೆ ನಾನೇ ಮುಂದೆ ಹೋಗಿ ಅವರಿಗಾಗಿ ನಿಲ್ಲಬೇಕಾಯಿತು! ಕಾಕಾ ಒಂದೊಂದು ಹರಳನ್ನೂ ತಪ್ಪಿಸಿ, ತಗ್ಗು ಕಂಡಲ್ಲಿ ಕಾಲೂರಿ, ಎಮ್ಮೆಗಳಿಗೂ ದಾರಿ ಬಿಟ್ಟುಕೊಡುತ್ತ ಬರುತ್ತಿದ್ದರು. ಅಲ್ಲಲ್ಲಿ ತಿರುಗಿ, "ನಡ ನೋಯ್ತೈತೇನ?" ಎಂದು ಕೇಳುವರು. "ಇಲ್ರಿ," ಎನ್ನುವಳು. ಅರ್ಧ ದಾರಿ ಹೀಗೆಯೇ ಕಳೆಯಿತು. ಮತ್ತೊಮ್ಮೆ ಕೇಳಿದಾಗ ಚಿಗವ್ವ ಕಾಕಾನ ಹೆಗಲನ್ನು ಬಿಗಿಯಾಗಿ ಹಿಡಿದಳು. ನಡುರಸ್ತೆಯಲ್ಲಿ, ಹಗಲು ಹೊತ್ತಿನಲ್ಲಿ, ಅವಳು ಗಂಡನನ್ನು ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ನೋಯ್ತೈತಿ," ಎಂದಳು. "ಭಾಳ ನೋಯ್ತೈತಿ. ನೋಯ್ಲಿ ಬಿಡ್ರಿ. ನೀವು ಲಗೂನ ನಡೀರಿ, ನಮ್ಮಕ್ಕ ಇದ್ದಾಗ ಮುಟ್ಟೂಣು."

ಅವಳಿಗೆ ನೋಯದಂಥ ಗಾಡಿಗಾಗಿ ಊರಿಂದೂರಿಗೆ ಅಲೆದು ನಗೆಪಾಟಲಾದ ಮನುಷ್ಯ, ಗಟ್ಟಿಯಾಗಿ ಹ್ಯಾಂಡಲ್ ಹಿಡಿದು ಗಾಡಿಯನ್ನು ಓಡಿಸಿದರು. ಕಲ್ಲು ನೋಡಲಿಲ್ಲ, ತಗ್ಗು ನೋಡಲಿಲ್ಲ. ನಾನು ಹಿಂದೆ ಧೂಳಿನಲ್ಲಿ ಉಳಿದೆ.

ನಾನು ಏದುಸಿರು ಬಿಡುತ್ತ ಕುಣಿಕೋಣೂರ ಮುಟ್ಟಿದಾಗ ಅಕ್ಕನ ಮನೆಯೊಳಗಿಂದ ಅಳು ಕೇಳಿಸುತ್ತಿತ್ತು. ಹೆದರಿಕೆಯಿಂದಲೇ ಒಳಗೆ ಹೆಜ್ಜೆ ಇಟ್ಟೆ. ಅಕ್ಕ ಇದ್ದಳು. ನೆಲದ ಹಾಸಿಗೆಯಲ್ಲಿ ಅವಳ ಮಗ್ಗುಲಿಗೆ ಚಿಗವ್ವ ಮುಖ ಹುದುಗಿಸಿ ಮಲಗಿಕೊಂಡು ಬಿಕ್ಕುತ್ತಿದ್ದಳು. ಮಾತಿಲ್ಲದ ಆ ಅಕ್ಕ, ಆಡುತ್ತಿದ್ದ ಒಂದೇ ಕೈಯಿಂದ ತಂಗಿಯ ನಡವನ್ನು ನೀವುತ್ತಿದ್ದಳು. ಕಾಕಾ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ನಿಂತು ಗಟ್ಟಿಯಾಗಿ ಅಳುತ್ತಿದ್ದರು. ಅವರ ಹೆಗಲ ಮೇಲೆ ಕೈಯಿಡಲು ಹೋದ ನನಗೂ ಅಳು ಬಂತು.