ಇಪ್ಪತ್ತೆರಡು ಮೊಳದ ತ್ರಿಕೋಣ

ಮರಾಠಿ ಭೂಮಿತಿ ಪುಸ್ತಕದ ಒಂದು ತ್ರಿಕೋಣ ರೇವಣಸಿದ್ಧಯ್ಯ ಮಾಸ್ತರರ ಬೆಳಗಿನ ಚಹಾ ಆರಿಸಿಬಿಟ್ಟಿತು. ನಿಜಾಮಶಾಹಿ ಹೋಗಿ ಮೂರು ವರ್ಷವಾಗಿತ್ತು. ಉಮರ್ಗಾದ ಶಾಲೆಗಳಲ್ಲಿ ಉರ್ದೂ ಹೋಗಿ ಮರಾಠಿ ಬಂದಿತ್ತು. ಉರ್ದೂದಲ್ಲಿ ಕಲಿತ ಮಾಸ್ತರರೆಲ್ಲ ಅಂದು ಮಧ್ಯಾಹ್ನ ಮರಾಠಿಯಲ್ಲಿ ಗಣಿತದ ಪರೀಕ್ಷೆ ಕೊಡಬೇಕು. ನಪಾಸಾದವರು ಆರು ತಿಂಗಳು ಮನೆಯಲ್ಲಿ ಕೂಡಬೇಕು.

ತ್ರಿಕೋಣದ ಎರಡು ಓರೆ ಬಾಹುಗಳ ಮೇಲೆ ಒಂದೊಂದು ಸಣ್ಣ ಗೆರೆ. ತುದಿಯಿಂದ ಇಳಿದ ಗೀಟು ತಳವನ್ನು ಎರಡಾಗಿಸಿತ್ತು. ಆ ಒಂದೊಂದು ತುಂಡಿನ ಮೇಲೂ ಜೋಡಿ ಗೆರೆ. ಎರಡು ಅರ್ಧಗಳೂ ಸಮವೆಂದು ತೋರಿಸಿ ಎಂಬುದು ಪ್ರಶ್ನೆ. ಉರ್ದೂ ಅಂಕಿಯಲ್ಲಿ ನಿಂತ ಗೆರೆಯೆಂದರೆ ಒಂದು, ಜೋಡಿ ಗೆರೆಯೆಂದರೆ ಹನ್ನೊಂದು. ಮಾಸ್ತರರ ಕಣ್ಣು ಹಾಗೆಯೇ ಓದಿತು.

“ಬಾಜೂ ಒಂದೊಂದು, ತಳಾ ಇಪ್ಪತ್ತೆರಡು! ಇದು ಹ್ಯಾಂಗ ಕೂಡತದ?”

ನೆರೆಮನೆಯ ರೈತ ಅಂಬಣ್ಣ ಕಟ್ಟೆಯ ಮೇಲಿಂದ ಎದ್ದೇಬಿಟ್ಟ. “ಪುಸ್ತಕ ಇಡ್ರಿ ಅಯ್ಯಾರ. ಹಗ್ಗಾ ತರ್ರಿ, ಅಳದೇ ನೋಡೋಣು.”

ಇಪ್ಪತ್ತೆರಡು ಮೊಳಕ್ಕೆ ಅಂಗಳ ಸಾಲದೆ ಒಂದು ಗೂಟ ಎದುರುಮನೆಯ ಶೇವಂತಾಬಾಯಿಯ ಬಾಗಿಲಿಗೆ ಹೋಯಿತು. ಒಂದೊಂದು ಗೂಟಕ್ಕೂ ಒಂದೇ ಮೊಳದ ಹಗ್ಗ ಕಟ್ಟಿದರು. ತುದಿಗಳೆರಡೂ ಮಾತು ಬಿಟ್ಟ ಬೀಗರಂತೆ ದೂರದೂರ ನಿಂತವು. ಅಂಬಣ್ಣ ಹಲ್ಲು ಕಚ್ಚಿ ಜಗ್ಗಿದ. ಗೂಟ ಕಿತ್ತು ಬಂತು. ಅವನು ಅಂಗಾತ ಹೋಗಿ ಬಿದ್ದದ್ದು ಒಣಹಾಕಿದ ಹಪ್ಪಳದ ಮೇಲೆ.

“ಮಾಸ್ತರರ ಪರೀಕ್ಷಾಕ ನನ್ನ ಹಪ್ಪಳ ಯಾಕ್ರೋ ಬೇಕು?” ಶೇವಂತಾಬಾಯಿ ಲಟ್ಟಣಿಗೆ ಹಿಡಿದೇ ಹೊರಬಂದಳು.

ಮಾಸ್ತರರು ಒಳಗೆ ಓಡಿ ಮತ್ತೆ ಪುಸ್ತಕದ ಮುಂದೆ ಕೂತರು. “ಇದನ್ನ ಬಿಡಸದೆ ನಾ ಏಳಂಗಿಲ್ಲ!”

ಕುಪ್ಪಸ ಕತ್ತರಿಸುತ್ತಿದ್ದ ಹೆಂಡತಿ ಗಿರಿಜಾಬಾಯಿ ಬಗ್ಗಿ ನೋಡಿದಳು. ಆಕೆಗೆ ಓದು ಬಾರದು. “ಇವು ಅಂಕಿ ಅಂತ ಯಾರು ಹೇಳ್ಯಾರ್ರೀ? ನಾ ಎರಡೂ ತೋಳಿಗಿ ಒಂದೊಂದು ಗೆರಿ ಹಾಕ್ತೀನಿ, ಬೆನ್ನಿನ ತುಂಡಿಗಿ ಎರಡೆರಡು. ಇದೂ ಇದೂ ಸಮ ಅಂತ ಗುರ್ತು.”

ಮಾಸ್ತರರು ಚಿತ್ರವನ್ನು ಹೊಸದಾಗಿ ನೋಡಿದರು. ಬಾಹು ಬಾಹುವಿಗೆ ಸಮ, ತುಂಡು ತುಂಡಿಗೆ ಸಮ, ನಡುವಿನ ಗೀಟು ಎರಡಕ್ಕೂ ಒಂದೇ. ಅಂದಮೇಲೆ ಎರಡು ಅರ್ಧಗಳೂ ಸಮ! ನಾಲ್ಕು ಸಾಲಿನಲ್ಲಿ ಲೆಕ್ಕ ಬಿಡಿಸಿಯಾಯಿತು.

ಪರೀಕ್ಷೆಯ ಕೊನೆಯ ಪ್ರಶ್ನೆ ಒಂದು ಉದ್ದನೆಯ ಆಯತ. ಉದ್ದದ ಬಾಹುಗಳಿಗೆ ಜೋಡಿ ಗೆರೆ, ಗಿಡ್ಡ ಬಾಹುಗಳಿಗೆ ಒಂಟಿ ಗೆರೆ. ಕ್ಷೇತ್ರಫಲ ಎಷ್ಟು? ಉಳಿದವರು ತಲೆ ತಗ್ಗಿಸಿ ಬರೆಯುತ್ತಿದ್ದರು. ಮಾಸ್ತರರು ಮುಗುಳ್ನಕ್ಕರು. ‘ಎದುರುಬದಿರು ಬಾಹುಗಳು ಸಮ. ಅಳತೆ ಕೊಟ್ಟಿಲ್ಲ. ಪ್ರಶ್ನೆಯೇ ತಪ್ಪು’ ಎಂದು ಮರಾಠಿಯಲ್ಲಿ ದುಂಡಗೆ ಬರೆದು ಅಡಿಗೆರೆ ಎಳೆದರು.

ಪ್ರಶ್ನೆ ಬರೆದಿದ್ದ ಉದಗೀರದ ಹಿರಿಯ ಮಾಸ್ತರ ಕಾಶಿನಾಥಯ್ಯ ಅಲ್ಲಿಯೇ ಉತ್ತರ ಓದಿ ಹಣೆ ಹಣೆ ಬಡಿದುಕೊಂಡರು.

“ಹನ್ನೊಂದು ಒಂದ್ಲೆ ಹನ್ನೊಂದು, ಅಯ್ಯಾರ! ಇಪ್ಪತ್ತು ವರ್ಷ ಉರ್ದೂ ಬರದ ಕೈ ನಂದು. ಗಡಿಬಿಡಿದಾಗ ಅಂಕಿ ಹಂಗೇ ಬಿದ್ದಾವ. ಉಳಿದವರೆಲ್ಲ ಬರೋಬರಿ ಓದ್ಯಾರ. ನಿಮಗ ಉರ್ದೂ ಮರ್ತು ಹೋತೇನ್ರಿ? ಮೂರು ಮಾರ್ಕಿನಾಗ ನಪಾಸ!”

ರೇವಣಸಿದ್ಧಯ್ಯ ಮಾಸ್ತರರು ಟೊಪ್ಪಿಗೆ ಸರಿಮಾಡಿಕೊಂಡರು. “ಆಗಲ್ರಿ. ಆರು ತಿಂಗಳಿಗಿ ಮತ್ತ ಬರ್ತೀನಿ. ಆದ್ರ ಆವತ್ತಿನ ಪ್ರಶ್ನಿ ಯಾರು ಬರೀತಾರ, ಅಷ್ಟು ಮೊದಲೇ ಹೇಳ್ರಿ.”