ತೆಂಗಿನ ಮರ ನುಂಗಿದ ಮಾತ್ರೆ

ಕಿಕ್ಕೇರಿಯಂಥ ಊರಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡವಳಿಗೆ ನಗುವುದಕ್ಕೆ ಟೀವಿ ಬೇಕಾಗಿಲ್ಲ. ಬೆಳಗ್ಗೆ ಷಟರ್ ಎತ್ತಿದರೆ ಸಾಕು, ಒಬ್ಬರು ಕಿವಿಗೆ ಬಿಡುವ ಔಷಧಿ ಕುಡಿದು ಬಂದಿರುತ್ತಾರೆ, ಇನ್ನೊಬ್ಬರು ಹೆಂಡತಿಯ ಥೈರಾಯ್ಡ್ ಮಾತ್ರೆ ನುಂಗಿ ತಲೆನೋವು ವಾಸಿಯಾಯಿತು ಎನ್ನುತ್ತಾರೆ. ಆದರೆ ನನ್ನನ್ನು ಎಲ್ಲರಿಗಿಂತ ಹೆಚ್ಚು ನಗಿಸಿದವರು ಪಕ್ಕದ ಹಳ್ಳಿಯ ಒಬ್ಬ ಯಜಮಾನರು. ತೆಂಗು, ಕಬ್ಬು ಬೆಳೆಯುವವರು, ಮಾತಿನಲ್ಲಿ ಯಾರಿಗೂ ಸೋತವರಲ್ಲ. ಅವರ ಮಾತು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಬಂದ ಮೇಲೆ ಯಾಕಾದರೂ ಬಂತೋ ಅನ್ನಿಸುತ್ತದೆ.

ಜುಗ್ಗ ಡಾಕ್ಟರು

ಯಜಮಾನರಿಗೆ ಆಗಾಗ ಎದೆ ಡವಡವ ಎನ್ನುತ್ತಿತ್ತು. ಕೆ.ಆರ್. ಪೇಟೆಯ ಡಾಕ್ಟರು ಇ.ಸಿ.ಜಿ. ತೆಗೆದು, ರಕ್ತ ಪರೀಕ್ಷೆ ಮಾಡಿಸಿ, ಬಡಿತ ಹದ ತಪ್ಪಿದೆ ಎಂದು ಮೂರು ಮಾತ್ರೆ ಬರೆದುಕೊಟ್ಟರು. ಒಂದು ಬಡಿತವನ್ನು ಹದಕ್ಕೆ ತರಲು. ಇನ್ನೊಂದು ರಕ್ತ ತೆಳುವಾಗಿಡಲು. ಇಲ್ಲದಿದ್ದರೆ ಎದೆಯಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಸಿಕ್ಕಿಕೊಂಡು ಲಕ್ವ ಹೊಡೆಯಬಹುದು. ಮೂರನೆಯದು ಮೆಗ್ನೀಸಿಯಂ. ಗ್ಯಾಸಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದ್ದಕ್ಕೆ ಮೈಯಲ್ಲಿ ಅದು ಕಡಿಮೆಯಾಗಿತ್ತಂತೆ.

ಹೆಸರು ಕೇಳಿದ್ದೇ ಯಜಮಾನರ ಮುಖ ಅರಳಿತು.

"ಮೆಗ್ನೀಸಿಯಮ್ಮಾ? ತೆಂಗಿನ ಗರಿ ಅಳದಿಗೆ ತಿರುಗಿದ್ರೆ ಬುಡುಕ್ಕೆ ಆಕ್ತೀವಲ್ಲ, ಅದೇ ತಾನೆ?"

"ಅದೇ ಜಾತಿದು. ಆದ್ರೆ ಇದು ಮನುಷ್ಯರಿಗೆ ಮಾಡಿರೋದು. ಗೊಬ್ಬರದಂಗಡಿದನ್ನ ಮಾತ್ರ ಬಾಯಿಗೆ ಹಾಕ್ಕೋಬೇಡಿ" ಎಂದೆ.

"ಆಕ್ಕಂಡ್ರೆ ನಾನೂ ಗೊನೆ ಬುಟ್ಬುಡ್ತೀನಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಯಜಮಾನರು ಮಾತ್ರೆಯನ್ನು ಬೆಳಕಿಗೆ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದರು. "ಮರಕ್ಕೆ ಬೊಗಸೆಗಟ್ಲೆ ಸುರೀತೀನಿ, ನಂಗೆ ಇಷ್ಟೇಯಾ! ನಿಮ್ ಡಾಕ್ಟ್ರು ಬಲೇ ಜುಗ್ಗ ಕಣವ್ವ."

ಸೋಮವಾರದ ರಕ್ತ

ಸ್ವಲ್ಪ ದಿನ ಕಳೆದು ಅವರ ಹೆಂಡತಿ ಗಂಡನನ್ನು ಮುಂದಿಟ್ಟುಕೊಂಡೇ ದೂರು ತಂದರು.

"ರಕ್ತ ತೆಳ್ಳಗಾಗೋ ಮಾತ್ರೆನ ಸೋಮ್ವಾರ ಮುಟ್ಟೋದೇ ಇಲ್ಲ ಕಣವ್ವ ಇವ್ರು. ನೀನಾರ ಬುದ್ದಿ ಏಳು."

ಸೋಮವಾರ ಅವರಿಗೆ ಉಪವಾಸ. ಯಜಮಾನರು ನನ್ನನ್ನೇ ಹಿಡಿದರು. "ಊಟ ಆದ್ಮೇಲೆ ನುಂಗಿ ಅಂತ ನೀನೇ ಏಳಿದ್ದೆ. ಊಟ್ವೇ ಇಲ್ಲ ಅಂದ್ಮೇಲೆ ಮಾತ್ರೆ ಎಲ್ಲಿಂದ ಬಂತು?"

"ಉಪವಾಸ ನಿಮಗೆ, ಮಾತ್ರೆಗಲ್ಲ. ಇವತ್ತು ಸೋಮವಾರ ಅಂತ ರಕ್ತಕ್ಕೆ ಗೊತ್ತಾಗಲ್ಲ ಯಜಮಾನ್ರೇ."

"ಯಾರಿಗೋಸ್ಕರ ವಾರ ಮಾಡ್ತೀನೋ ಆ ದೇವ್ರಿಗೆ ಗೊತ್ತಾಯ್ತದಲ್ಲ, ಸಾಕು. ಬುಡವ್ವ ಅತ್ಲಾಗೆ!"

ಅವರ ವಾದವೆಲ್ಲ ಮುಗಿಯುತ್ತಿದ್ದದ್ದು ಹೀಗೆಯೇ. ಗಂಡಸರಿಗಾದರೆ "ಬುಡ್ಲಾ ಅತ್ಲಾಗೆ", ಹೆಂಗಸರಿಗಾದರೆ "ಬುಡವ್ವ ಅತ್ಲಾಗೆ". ಎಷ್ಟೇ ಸಿಟ್ಟು ಬಂದರೂ ಹೆಂಗಸರಿಗೆ 'ಲಾ' ಎಂದವರಲ್ಲ. ಅಷ್ಟು ಮರ್ಯಾದಸ್ಥರು. ಮಾತ್ರೆಯ ವಿಷಯ ಬಿಟ್ಟರೆ ಬಂಗಾರದಂಥ ಮನುಷ್ಯ.

ಹಿತ್ತಿಲ ಮರ

ಆಮೇಲೆ ದಿನಾ ಬೆಳಗ್ಗೆ ಚೆಂಬಿನ ತುಂಬ ನೀರು ಹಿಡಿದು, ಮಾತ್ರೆ ನುಂಗುತ್ತೇನೆ ಎಂದು ಹಿತ್ತಿಲಿಗೆ ಹೋಗಲು ಶುರುಮಾಡಿದರು. ಹೆಂಡತಿಗೆ ಸಮಾಧಾನವಾಯಿತು. ಹಿತ್ತಿಲಲ್ಲಿ ಗರಿ ಹಳದಿಯಾಗಿ ಸೊರಗಿದ್ದ ಒಂದು ತೆಂಗಿನ ಮರವಿತ್ತು. ಒಂದು ದಿನ ಆಕೆ ಅದರ ಪಾತಿ ಕೆದಕಿದರೆ ಮಣ್ಣಿನಲ್ಲಿ ಅರೆಬರೆ ಕರಗಿದ ಮೆಗ್ನೀಸಿಯಂ ಮಾತ್ರೆಗಳು!

ಕೇಳಿದ್ದಕ್ಕೆ ಯಜಮಾನರು ಸ್ವಲ್ಪವೂ ಅಳುಕಲಿಲ್ಲ. "ನುಂಗಿದ್ರೆ ಒಟ್ಟೆ ಕೆಡ್ತದೆ, ಚೆಂಬು ಇಡ್ಕಂಡು ಓಡ್ಬೇಕು. ಮರ ಆದ್ರೆ ಎಲ್ಲಿಗೂ ಓಡಾಕಿಲ್ಲ."

ಆಕೆ ಬಂದು ಹೇಳಿದ್ದು ಕೇಳಿ ನಾನು ಮೂರು ದಿನ ನಕ್ಕೆ. ಹೊಟ್ಟೆ ಕೆಡುವುದನ್ನು ಡಾಕ್ಟರಿಗೆ ಹೇಳಿದರೆ ಬೇರೆ ಬರೆದುಕೊಡುತ್ತಾರೆ ಎಂದು ಹೇಳಿ ಕಳಿಸಿದ್ದೂ ಆಯಿತು. ಅವರು ಹೋಗಲಿಲ್ಲ.

ಹುಳ ಸತ್ತ ಮೇಲೆ

ಮುಂದಿನ ತಿಂಗಳು ಯಜಮಾನರು ಅಂಗಡಿಗೆ ಬಂದವರು ನೋವಿನ ಮುಲಾಮು ಮಾತ್ರ ಕೇಳಿದರು. ಮಿಕ್ಕ ಮಾತ್ರೆಗಳು?

"ನಿಲ್ಲಿಸ್ಬುಟ್ಟೆ. ಎದೆ ಡವಡವ ಅನ್ನೋದು ಓಯ್ತಲ್ಲ! ಉಳ ಸತ್ತ ಮ್ಯಾಲೂ ಯಾರಾದ್ರೂ ಔಸ್ದಿ ಒಡೀತಾರೇನವ್ವ?"

ನನಗೆ ಈ ಸಲ ನಗು ಬರಲಿಲ್ಲ. "ಇದು ಹುಳದ ಔಷಧಿ ಅಲ್ಲ ಯಜಮಾನ್ರೇ, ಗದ್ದೆ ಬದು ಇದ್ದ ಹಾಗೆ. ನೀರು ನುಗ್ಗಲಿಲ್ಲ ಅಂತ ಬದು ಕಡಿದು ಹಾಕ್ತೀರಾ? ರಕ್ತ ತೆಳುವಾಗೋದನ್ನ ಮಾತ್ರ ಬಿಡಬೇಡಿ, ನಿಮಗೆ ಕೈ ಮುಗೀತೀನಿ" ಎಂದೆ.

ಅವರು ಒಂದು ಗಳಿಗೆ ಯೋಚಿಸಿದರು. ಒಪ್ಪಿದರು ಎಂದುಕೊಂಡೆ.

"ನಿನ್ ಯಾಪಾರ ಗಟ್ಟಿ ಕಣವ್ವ. ಗಂಡಸಾಗಿದ್ರೆ ಎಲೆಕ್ಸನ್ಗೆ ನಿಲ್ಲಿಸ್ಬೋದಿತ್ತು. ಬುಡವ್ವ ಅತ್ಲಾಗೆ!"

ಉಳಿದ ಮಾತು

ಒಂದು ಬೆಳಗ್ಗೆ ಹಾಲಿನ ಡೈರಿಯ ಮುಂದೆ ಯಜಮಾನರ ಕೈಯಿಂದ ಕ್ಯಾನು ಜಾರಿ ಬಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಗಾಳಿ ಸೋಕಿದೆ ಎಂದು ಒಬ್ಬರು, ಎಣ್ಣೆ ತಿಕ್ಕಿ ಎಂದು ಇನ್ನೊಬ್ಬರು. ಹೆಂಡತಿ ಬಡಕೊಂಡು ಅತ್ತ ಮೇಲೆ ಕಾರು ಬಂತು. ಕೆ.ಆರ್. ಪೇಟೆ ದಾಟಿ ಮೈಸೂರು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಡಾಕ್ಟರು ಹೇಳಿದ್ದೇ ಆಗಿತ್ತು, ಎದೆಯ ಹೆಪ್ಪು ಮಿದುಳಿಗೆ ಹೋಗಿತ್ತು.

ಜೀವ ಉಳಿಯಿತು. ಬಲಗೈ ಬಿದ್ದುಹೋಯಿತು. ಊರನ್ನೆಲ್ಲ ನಗಿಸುತ್ತಿದ್ದ ಮಾತು ಪೂರ್ತಿ ಹೊರಟುಹೋಯಿತು, ಒಂದನ್ನು ಬಿಟ್ಟು. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಬಾಗಿ "ನಿಮ್ಮ ಹೆಸರೇನು?" ಎಂದು ಕೇಳಿದರೆ ಯಜಮಾನರು ಬಹಳ ವಿನಯದಿಂದ "ಬುಡ್ಲಾ ಅತ್ಲಾಗೆ" ಎಂದರಂತೆ. ನರ್ಸಮ್ಮ ಊಟ ತಂದರೂ ಅದೇ, ಮೊಮ್ಮಗಳು ಮುತ್ತು ಕೊಟ್ಟರೂ ಅದೇ. ಮಿದುಳಿಗೆ ಏಟು ಬಿದ್ದಾಗ ಬಾಯಿಗೆ ರೂಢಿಯಾದ ಒಂದು ಮಾತು ಹೀಗೆ ಉಳಿದುಬಿಡುವುದುಂಟಂತೆ.

"ಮದ್ವೆಯಾದಾಗಿಂದ ನನ್ನ ಒಂದ್ಸಲಾನೂ 'ಲಾ' ಅಂದೋರಲ್ಲ ಕಣವ್ವ. ಈಗ ದಿನಾ ಅಂತಾರೆ. ಅನ್ಲಿ ಬುಡು, ದನಿನಾದ್ರೂ ಕೇಳ್ತದಲ್ಲ" ಎಂದು ಹೆಂಡತಿ ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹಿತ್ತಿಲ ಮರ ಈಗ ಹಸಿರಾಗಿದೆಯಂತೆ. ಯಜಮಾನರು ಅದನ್ನು ನೋಡುತ್ತಾ ಜಗಲಿಯಲ್ಲಿ ಕೂತಿರುತ್ತಾರಂತೆ. ಹೆಂಡತಿ ಮಾತ್ರೆ ಬಿಡಿಸಿ ಹಿಡಿದರೆ ಸಾಕು, ಮಗುವಿನಂತೆ ಬಾಯಿ ತೆರೆಯುತ್ತಾರೆ, ಸೋಮವಾರವೂ.

ಹೋದ ವಾರ ಗಂಡಹೆಂಡತಿ ಮಾತ್ರೆ ಕೊಳ್ಳಲು ಬಂದಿದ್ದರು. ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿದ್ದೆ. ಆಗ ಟ್ರ್ಯಾಕ್ಟರ್ ನಿಲ್ಲಿಸಿ ಒಬ್ಬ ಗಟ್ಟಿಮುಟ್ಟಾದ ಆಳು ಇಳಿದು ಬಂದ. ಅವನಿಗೂ ಅದೇ ಎದೆಯ ತೊಂದರೆ, ಅದೇ ರಕ್ತ ತೆಳುವಾಗಿಸುವ ಮಾತ್ರೆ. ನಾನು ತೆಗೆದು ಮುಂದಿಟ್ಟರೆ ಅವನು ಅದನ್ನು ಹಿಂದಕ್ಕೆ ತಳ್ಳಿದ.

"ಈಗೇನೂ ತೊಂದ್ರೆ ಇಲ್ಲ ಕಣಕ್ಕ. ಸುಮ್ನೆ ಯಾಕೆ ನುಂಗ್ಲಿ? ಬುಟ್ಬುಡ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಕುರ್ಚಿಯಿಂದ ಎದ್ದುಬಿಟ್ಟರು. ಎಡಗೈಯಲ್ಲಿ ಅವನ ಅಂಗಿ ಹಿಡಿದರು. ಮುಖ ಕೆಂಪಾಯಿತು, ತುಟಿ ನಡುಗಿತು, ಕತ್ತಿನ ನರ ಉಬ್ಬಿತು. ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಕೂಗಿದರು:

"ಬುಡ್ಲಾ ಅತ್ಲಾಗೆ!"

"ನೋಡಕ್ಕ, ದೊಡ್ಡೋರೇ ಬುಡು ಅಂತಾವ್ರೆ" ಎಂದು ಅವನು ಖುಷಿಯಾಗಿ ಹೊರಟ.

ಯಜಮಾನರು ಬಿಡಲಿಲ್ಲ. ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸುತ್ತಾ, ಮೇಜಿನ ಮೇಲಿದ್ದ ಮಾತ್ರೆಗಳನ್ನು ಎಡಗೈಯಿಂದಲೇ ಬಾಚಿ ಅವನ ಜೇಬಿಗೆ ತುರುಕಿ, ಮೇಲಿಂದ ಅದುಮಿ ಹಿಡಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಬುಡ್ಲಾ ಅತ್ಲಾಗೆ... ಬುಡ್ಲಾ ಅತ್ಲಾಗೆ..."

ಅವನು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. "ಏನಕ್ಕಾ ಇದು? ಬುಡು ಅಂತಾವ್ರೋ, ತಗೋ ಅಂತಾವ್ರೋ?"

ಅವರ ಹೆಂಡತಿಯೇ ಹೇಳಿದರು:

"ತಗೋ ಅಂತಾವ್ರೆ ಕಣಪ್ಪ. ಬಾಯಿಗೆ ಅದೊಂದೇ ಉಳ್ಕಂಡದೆ."