ಹಿರಿಯರ ಸಮಕ್ಷಮದಲ್ಲಿ ಸಿಗಾರ್

ದಾವಣಗೆರೆ–ಹರಿಹರ ಸಿಗಾರ್ ಆಸ್ವಾದಕರ ಸಂಘದ ಯಾವ ಸದಸ್ಯರೂ ಇಂದಿನವರೆಗೆ ಸಂಘದ ಕಟ್ಟಡದಲ್ಲಿ ಒಂದು ಸಿಗಾರನ್ನೂ ಸೇದಿಲ್ಲ. ಸಂಘವು ಎಲ್ಲ ರೀತಿಯಿಂದಲೂ ಯಶಸ್ವಿಯಾಗಿ ನಡೆಯುತ್ತಿದೆ.

ಇದಕ್ಕೆ ಕಾರಣ ಸದಸ್ಯರ ಸಂಸ್ಕಾರ. ಇಲ್ಲಿಯ ವ್ಯಾಪಾರಸ್ಥರ ಮನೆತನಗಳಲ್ಲಿ ಗಂಡಸರು ಹಿರಿಯರ ಎದುರಿಗೆ ಹೊಗೆ ಬಿಡುವುದಿಲ್ಲ. ನಮ್ಮ ತವರಿನ ಕಡೆ ಮಾವ ಅಳಿಯ ಒಂದೇ ಕಡ್ಡಿಯಲ್ಲಿ ಬೀಡಿ ಹಚ್ಚಿಕೊಳ್ಳುತ್ತಿದ್ದರಾದ್ದರಿಂದ ಇಲ್ಲಿಗೆ ಸೊಸೆಯಾಗಿ ಬಂದ ನನಗೆ ಈ ಮರ್ಯಾದೆ ಅರ್ಥವಾಗಲು ಕಾಲ ಹಿಡಿಯಿತು. ಸೇದುವ ಮನಸ್ಸಾದರೆ, ಮೊಮ್ಮಕ್ಕಳನ್ನು ಕಂಡ ಗೃಹಸ್ಥರೂ ಸೇರಿದಂತೆ ದಾವಣಗೆರೆಯವರು ಕಾರು ತೆಗೆದುಕೊಂಡು ಹರಿಹರಕ್ಕೆ ಹೋಗುತ್ತಾರೆ. ಹರಿಹರದವರು ದಾವಣಗೆರೆಗೆ ಬರುತ್ತಾರೆ. ದಾರಿಯಲ್ಲಿ ಎದುರಾದರೆ ಒಬ್ಬರನ್ನೊಬ್ಬರು ನೋಡುವುದಿಲ್ಲ. ಮನೆಯ ಹೆಂಗಸರಿಗೆ ಎಲ್ಲವೂ ಗೊತ್ತಿರುತ್ತದೆ, ಅಂಗಿ ಒಗೆಯುವವರು ಅವರೇ. ಆದರೆ ಹೆಂಗಸರಿಗೆ ಗೊತ್ತಿರುವುದನ್ನು ಗೊತ್ತಿರುವುದೆಂದು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇಲ್ಲ.

ಸಂಘ ಕಟ್ಟಿದವನು ಬಟ್ಟೆ ಅಂಗಡಿಯ ಸಂತೋಷ. ವಿದೇಶ ಸುತ್ತಿ ಬಂದ ಮೇಲೆ, ಶ್ರೀಮಂತರೆಂದರೆ ಒಂದು ಹವ್ಯಾಸ ಇರಬೇಕು, ನಮ್ಮವರಿಗೆ ದುಡ್ಡು ಮಾತ್ರ ಇದೆ ಎಂದು ಅವನಿಗೆ ಬಹಳ ಬೇಸರವಾಗಿತ್ತು. ಅವನ ಸೋದರಮಾವ, ರೈಸ್‌ಮಿಲ್ಲಿನ ಬಕ್ಕೇಶಪ್ಪನವರು ಅಧ್ಯಕ್ಷರಾದರು. ಬಕ್ಕೇಶಪ್ಪನವರ ಹೆಂಡತಿಯ ಅಣ್ಣ, ಹರಿಹರದ ಶಿವಮೂರ್ತಿಯವರು ಗೌರವಾಧ್ಯಕ್ಷರಾದರು. ಎರಡೂ ಊರಿಗೆ ನಡುವೆ ಇರಲೆಂದು ಬಾತಿಯಲ್ಲಿ ಕಟ್ಟಡ ಎದ್ದಿತು. ಸಿಗಾರ್ ಒಣಗಬಾರದೆಂದು ತೇವ ಕಾಯುವ ಮರದ ಕಪಾಟು ಬಂತು, ಕಪಾಟಿಗೆ ಸೆಖೆಯಾಗಬಾರದೆಂದು ಏಸಿ ಬಂತು, ಏಸಿ ನಿಲ್ಲಬಾರದೆಂದು ಜನರೇಟರ್ ಬಂತು. ಕರೆಂಟು ಹೋದಾಗ ಬಾತಿಯಲ್ಲಿ ಈಗ ಬೆವರದೆ ಇರುವುದು ಸಿಗಾರ್ ಮಾತ್ರ.

ಉದ್ಘಾಟನೆಯ ದಿನ ಸಂತೋಷ ಒಳ್ಳೆಯ ಸಿಗಾರನ್ನು ಆರಿಸುವ ಕ್ರಮವನ್ನು ವಿವರಿಸಿದ. ಬೆರಳಲ್ಲಿ ಮೆಲ್ಲಗೆ ಒತ್ತಬೇಕು, ಎಲ್ಲೂ ಗಂಟು ಸಿಗಬಾರದು. ಹೊರಗಿನ ಎಲೆಯ ನರ ಎದ್ದು ಕಾಣಬಾರದು. ತುದಿ ಮೂಸಿದರೆ ಕೊಟ್ಟಿಗೆಯ ಒಣಹುಲ್ಲಿನ ವಾಸನೆ ಬರಬೇಕು. ಎಲ್ಲರೂ ಒತ್ತಿದರು, ಮೂಸಿದರು, ತಲೆದೂಗಿದರು. ಹಚ್ಚುವ ಹೊತ್ತಿಗೆ ಸಂತೋಷ ಮಾವನ ಮುಖ ನೋಡಿದ. ಮಾವ ಭಾವನ ಮುಖ ನೋಡಿದರು. ಉಳಿದವರೂ ಒಬ್ಬರಿಗೊಬ್ಬರು ಬೀಗರು, ಷಡ್ಡಕರು, ಅಳಿಯಂದಿರು. ಎಲ್ಲರಿಗಿಂತ ಹಿರಿಯರಾದ ಶಿವಮೂರ್ತಿಯವರು ಹಚ್ಚಬಹುದಿತ್ತು. ಆದರೆ ಜಾಗವನ್ನು ದಿವಂಗತ ತಂದೆಯ ಹೆಸರಿನಲ್ಲಿ ದಾನ ಕೊಟ್ಟಿದ್ದರಿಂದ ಆ ತಂದೆಯ ಫೋಟೋಕ್ಕೆ ಆಗಷ್ಟೇ ಹಾರ ಹಾಕಿ ಎದುರಿಗೇ ತೂಗುಹಾಕಲಾಗಿತ್ತು. ಸಭೆ ಉಪ್ಪಿಟ್ಟು ತಿಂದು ಮುಗಿಯಿತು.

ವಿಶೇಷ ಸಭೆ ಕರೆಯಲಾಯಿತು. ಕಟ್ಟಡದ ಒಳಗೆ ಹಿರಿತನವನ್ನು ಅಮಾನತಿನಲ್ಲಿಡಬೇಕೆಂಬ ಸಲಹೆಯನ್ನು ಹಿರಿಯರು ಒಪ್ಪಲಿಲ್ಲ. ನಡುವೆ ಪರದೆ ಕಟ್ಟೋಣವೆಂದರೆ, ಕೆಮ್ಮಿದರೆ ಯಾರೆಂದು ತಿಳಿಯುತ್ತದೆ ಎಂಬ ಆಕ್ಷೇಪ ಬಂತು. ಕೊನೆಗೆ ಸರ್ವಾನುಮತದ ನಿರ್ಣಯವಾಯಿತು: ‘ಸದಸ್ಯರ ಪರವಾಗಿ ಸಿಗಾರನ್ನು ಸೇದಿ ಅದರ ಗುಣವನ್ನು ಸಭೆಗೆ ತಿಳಿಸಲು, ಸದಸ್ಯರಲ್ಲಿ ಯಾರಿಗೂ ಯಾವ ಸಂಬಂಧದಿಂದಲೂ ಏನೂ ಆಗಬೇಕಿಲ್ಲದ ಒಬ್ಬ ವ್ಯಕ್ತಿಯನ್ನು ನೇಮಿಸತಕ್ಕದ್ದು.’

ಅಂಥವನು ಕಟ್ಟಡದಲ್ಲೇ ಇದ್ದ. ವಾಚ್‌ಮನ್ ಪರಶುರಾಮ್, ನಿಟ್ಟುವಳ್ಳಿಯವನು, ಹಿತ್ತಲ ಕೋಣೆಯಲ್ಲಿ ಹೆಂಡತಿ ಕಾಟಮ್ಮ, ಮಗಳು ಕೀರ್ತನಾ ಜೊತೆ ಇದ್ದ. ಹಿಂದೆ ಬೀಡಿ ಸೇದಿ ಎದೆ ಕೆಡಿಸಿಕೊಂಡು, ಆಸ್ಪತ್ರೆಯಿಂದ ಬದುಕಿ ಬಂದು, ಕಾಟಮ್ಮನ ಕಾವಲಿನಲ್ಲಿ ಬೀಡಿ ಬಿಟ್ಟಿದ್ದ. ಈ ಅನುಭವವನ್ನು ಹೆಚ್ಚುವರಿ ಅರ್ಹತೆ ಎಂದು ಪರಿಗಣಿಸಲಾಯಿತು.

ಕಾಟಮ್ಮ ಸಭೆಗೇ ಬಂದಳು.

“ಸಾವ್ಕಾರ್ರೆ, ಬೀಡಿ ಮುಟ್ಟಿದ್ರೆ ಈ ಮನುಷ್ಯ ಉಳಿಯಲ್ಲ ಅಂತ ಡಾಕ್ಟ್ರು ಹೇಳ್ಯಾರ್ರಿ.”

“ಬೀಡಿ ಯಾರು ಮುಟ್ಟಿಸ್ತಾರವ್ವ?” ಎಂದರು ಬಕ್ಕೇಶಪ್ಪನವರು. “ಇದು ಹವ್ಯಾಸ.”

“ಹವ್ಯಾಸ ನಿಮ್ದು. ಎದೆ ಅವ್ರದು ಯಾಕ್ರಿ?”

ಈ ಪ್ರಶ್ನೆ ಅಂದಿನ ಸಭೆಯ ವಿಷಯಪಟ್ಟಿಯಲ್ಲಿ ಇರಲಿಲ್ಲ. ವಾಚ್‌ಮನ್ ಹುದ್ದೆಯನ್ನು ರದ್ದುಪಡಿಸಿ ಆಸ್ವಾದನಾ ಸಹಾಯಕ ಎಂಬ ಹುದ್ದೆಯನ್ನು ಸೃಷ್ಟಿಸಲಾಗಿದೆಯೆಂದೂ, ಹಿತ್ತಲ ಕೋಣೆ ಇನ್ನು ಹೊಸ ಹುದ್ದೆ ಹಿಡಿದವರಿಗೆ ಮಾತ್ರವೆಂದೂ ಆಕೆಗೆ ಸೌಜನ್ಯದಿಂದ ತಿಳಿಸಲಾಯಿತು. ಪರಶುರಾಮ್ ಹೆಂಡತಿಯನ್ನು ಹೊರಗೆ ಕರೆದುಕೊಂಡು ಹೋದ. ಮರುವಾರ ಕೆಲಸಕ್ಕೆ ಹಾಜರಾದ.

ಮೊದಲ ಸಿಗಾರನ್ನು ಅವನು ತನಗೆ ತಿಳಿದ ರೀತಿಯಲ್ಲಿ ಸೇದಿದ. ಬೀಡಿಯ ದಮ್ಮಿನಂತೆ ಎದೆಯ ತಳದವರೆಗೆ ಎಳೆದುಕೊಂಡ. ಸಿಗಾರಿನ ಹೊಗೆಯನ್ನು ನುಂಗಬಾರದು, ಬಾಯಲ್ಲಿ ಆಡಿಸಿ ಬಿಟ್ಟುಬಿಡಬೇಕು ಎಂಬುದು ಅಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಬಕ್ಕೇಶಪ್ಪನವರು ಅದನ್ನು ಹರಿಹರದ ಹೊಳೆದಂಡೆಯಲ್ಲಿ ಕಲಿತಿದ್ದರು. ಶಿವಮೂರ್ತಿಯವರು ದಾವಣಗೆರೆಯ ಒಂದು ಲಾಡ್ಜಿನಲ್ಲಿ ಕಲಿತಿದ್ದರು. ಆದರೆ ಹೇಳಿದವರಿಗೆ “ನಿನಗೆ ಹೆಂಗೆ ಗೊತ್ತು?” ಎಂಬ ಪ್ರಶ್ನೆ ಬರುತ್ತಿತ್ತು. ಹಿರಿಯರ ಸಮಕ್ಷಮದಲ್ಲಿ ಅದಕ್ಕೆ ಉತ್ತರವಿಲ್ಲ. ಪರಶುರಾಮ್ ಕೆಮ್ಮಿ ಮುಗಿಸುವವರೆಗೆ ಎಲ್ಲರೂ ಗಾಂಭೀರ್ಯದಿಂದ ಕಾದರು. ಮುಂದೆ ಬಾಯಿ ತಪ್ಪಿ ಅನಾಹುತ ಆಗಬಾರದೆಂದು, ಸದಸ್ಯರು ತಮಗೆ ಧೂಮದ ಅನುಭವವಿದೆ ಎಂಬ ಅರ್ಥ ಬರುವಂತೆ ಮಾತಾಡಕೂಡದು ಎಂಬ ನಿಯಮವನ್ನೂ ಸೇರಿಸಲಾಯಿತು.

“ಹೆಂಗೈತೋ ಪರಸಪ್ಪ?” ಎಂದು ಬಕ್ಕೇಶಪ್ಪನವರು ಪರಶುರಾಮನನ್ನು ಕೇಳಿದರು.

“ಖಾರ ಐತ್ರಿ.”

ಸಂತೋಷ ಬರೆದುಕೊಂಡ: ಕಾಳುಮೆಣಸಿನ ಛಾಯೆ.

“ಈಗ?”

“ಹಸಿ ಸೌದೆ ಒಲೆ ಊದಿದಂಗೆ ಐತ್ರಿ.”

ಸುಟ್ಟ ಮರದ ಹಿನ್ನೆಲೆ, ದೀರ್ಘ ಪರಿಣಾಮ.

“ಕಣ್ಣು ಕತ್ತಲೆ ಬರ್ತೈತ್ರಿ.”

ಅತ್ಯುತ್ತಮ ದರ್ಜೆ.

ಹೀಗೆ ಆಯ್ಕೆಯ ಮಾನದಂಡ ಸಿದ್ಧವಾಯಿತು. ಪರಶುರಾಮ್ ಸ್ವಲ್ಪ ಕೆಮ್ಮಿದರೆ ಸಾಮಾನ್ಯ ಸಿಗಾರ್, ಗೋಡೆ ಹಿಡಿದುಕೊಂಡರೆ ಉತ್ತಮ, ನೀರು ಕೇಳಿದರೆ ಸಂಗ್ರಹಯೋಗ್ಯ. ಮದುವೆ ಮನೆಗಳಲ್ಲಿ ಸದಸ್ಯರು “ಮೊನ್ನೆ ಒಂದು ಬಂದಿತ್ತು ನೋಡ್ರಿ, ಮನುಷ್ಯ ಎದ್ದೇಳಲೇ ಇಲ್ಲ” ಎಂದು ಅಭಿಮಾನದಿಂದ ಮಾತಾಡತೊಡಗಿದರು. ಇನ್ನೂ ಕಟುವಾದ ಎಲೆಗೆ ಆರ್ಡರ್ ಹೋಯಿತು. ಕಾಟಮ್ಮ ಗಂಡನಿಗೆ ಶುಂಠಿ ಕಷಾಯ ಕುಡಿಸಿ ಕಳಿಸುತ್ತಿದ್ದಳು. ನಾಲಿಗೆಯ ರುಚಿ ಕೆಡುತ್ತದೆಂದು ಅದನ್ನು ನಿಷೇಧಿಸಬೇಕಾಯಿತು.

ಚಳಿಗಾಲದ ಕೊನೆಯಲ್ಲಿ ಹುದ್ದೆ ಖಾಲಿಯಾಯಿತು.

ಸಂತಾಪ ಸಭೆಯಲ್ಲಿ ಬಕ್ಕೇಶಪ್ಪನವರು, ಪರಶುರಾಮನಂಥ ಶ್ವಾಸಕೋಶ ಈ ಜಿಲ್ಲೆಯಲ್ಲಿ ಮತ್ತೆ ಹುಟ್ಟುವುದು ಕಷ್ಟ ಎಂದರು. ಶ್ರದ್ಧಾಂಜಲಿಗೆಂದು ಒಂದು ಸಂಗ್ರಹಯೋಗ್ಯ ಸಿಗಾರನ್ನು ತಂದಿದ್ದರು. ಹಚ್ಚುವವರು ಇಲ್ಲದ್ದರಿಂದ ಮತ್ತೆ ಕಪಾಟಿನಲ್ಲಿಟ್ಟರು.

ಸಂಘಕ್ಕೆ ಹೃದಯವಿಲ್ಲವೆಂದು ಯಾರೂ ಹೇಳುವಂತಿಲ್ಲ. ಹುದ್ದೆಯನ್ನು ಅನುಕಂಪದ ಆಧಾರದ ಮೇಲೆ ಕಾಟಮ್ಮನಿಗೇ ನೀಡಲು ನಿರ್ಧರಿಸಲಾಯಿತು. ಹೆಂಗಸು ಗಂಡಸರ ಮುಂದೆ ಸೇದುವುದು ನಮ್ಮ ಸಂಸ್ಕೃತಿಯಲ್ಲ ಎಂದು ಶಿವಮೂರ್ತಿಯವರು ಕಣ್ಣೀರು ತುಂಬಿಕೊಂಡು ವಿರೋಧಿಸಿದರು. ಆಕೆ ಸೇದುವುದಿಲ್ಲ, ಕರ್ತವ್ಯ ನಿರ್ವಹಿಸುತ್ತಾಳೆ ಎಂದು ಅಧ್ಯಕ್ಷರು ಸ್ಪಷ್ಟಪಡಿಸಿದ ಮೇಲೆ ಸಮಾಧಾನಪಟ್ಟರು. ಕಾಟಮ್ಮ ಎರಡು ದಿನ ಹಿತ್ತಲ ಕೋಣೆಯ ಬಾಗಿಲು ತೆಗೆಯಲಿಲ್ಲ. ಕೀರ್ತನಾಳ ಪರೀಕ್ಷೆ ಹತ್ತಿರದಲ್ಲಿತ್ತು. ಕೋಣೆ ಬಿಟ್ಟರೆ ಹೋಗುವ ಜಾಗ ಇರಲಿಲ್ಲ. ಮೂರನೆಯ ದಿನ ಆಕೆ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಸಂತೋಷ ಸಿಗಾರ್ ಕತ್ತರಿಸಿ ಕೊಟ್ಟ.

ಆಕೆ ಅದನ್ನು ಹಿಡಿದುಕೊಂಡೇ ಎಲ್ಲರನ್ನೂ ನೋಡಿದಳು.

“ನಾನು ಜೀವಮಾನದಾಗೆ ಇಂಥದ್ದು ಮುಟ್ಟಿದೋಳಲ್ಲ. ಇದನ್ನ ಹೆಂಗೆ ಸೇದ್ಬೇಕು ಅಂತ ನಿಮ್ಮಾಗೆ ಯಾರಿಗಾದ್ರೂ ಗೊತ್ತಿದ್ರೆ ಹೇಳ್ರಿ. ಮನೆಯಾಗೆ ಮಗಳು ಒಬ್ಳೇ ಅದಾಳೆ.”

ಸಂತೋಷ ಬಾಯಿ ತೆರೆದ, ಮಾವ ಅವನ ಕಡೆ ತಿರುಗಿದ್ದರಿಂದ ಮುಚ್ಚಿದ. ಮಾವ ಗಂಟಲು ಸರಿಮಾಡಿಕೊಂಡರು, ಪಕ್ಕದಲ್ಲಿ ಭಾವ ಇದ್ದರು.

“ನಮಗ್ಯಾರಿಗೂ ಅಭ್ಯಾಸ ಇಲ್ಲವ್ವ,” ಎಂದರು ಶಿವಮೂರ್ತಿಯವರು. “ನಿನ್ನ ಗಂಡ ಸೇದ್ತಿದ್ದಂಗೇ ಸೇದು.”

ಕಾಟಮ್ಮ ಎಳೆದುಕೊಂಡಳು. ಬಹಳ ಹೊತ್ತು ಕೆಮ್ಮಿದಳು. ಹೆಂಗಸೆಂಬ ಗೌರವದಿಂದ ಸದಸ್ಯರೆಲ್ಲ ಅಷ್ಟು ಹೊತ್ತೂ ತಲೆ ತಗ್ಗಿಸಿಕೊಂಡಿದ್ದರು.

“ಹೆಂಗೈತವ್ವ?” ಎಂದು ಅಧ್ಯಕ್ಷರು ಕೇಳಿದರು.

“ಚೆನ್ನಾಗೈತ್ರಿ,” ಎಂದಳು ಕಾಟಮ್ಮ.

ಉತ್ತರವು ತೃಪ್ತಿಕರವಾಗಿದ್ದುದರಿಂದ ಆಕೆಯ ಸೇವೆಯನ್ನು ಅಂದೇ ಖಾಯಂಗೊಳಿಸಲಾಯಿತು.